ಡುಬ್ಬದ ಮಹಶೀರ್: ಕಾವೇರಿಯ ಮೀನು ಕಾವೇರಿಯಲ್ಲೇ ಅಪರೂಪವಾದ ಕತೆ

1946ರ ಮಾರ್ಚ್ 22. ಕಬಿನಿಯಲ್ಲಿ ಗಾಳ ಹಾಕಿದ್ದ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್‌ಗೆ ಸಿಕ್ಕ ಮಹಶೀರ್ 120 ಪೌಂಡ್ ತೂಗಿತು. 54 ಕೆ.ಜಿ.ಗೂ ಮೇಲೆ! ರಾಜರು, ದೊರೆಗಳು ಹೊಡೆದ ಹುಲಿ, ಚಿರತೆಗಳ ಚರ್ಮ ಹದಮಾಡಿ, ಒಳಗೆ ತುಂಬಿ, ಜೀವ ಇದ್ದಂತೆ ನಿಲ್ಲಿಸಿ ಕೊಡುತ್ತಿದ್ದ ಮನೆತನ ಅವರದು.

ಹುಲಿಯನ್ನು ಉಳಿಸಲು ಆಮೇಲೆ ಯೋಜನೆ ಬಂತು, ಕಾನೂನು ಬಂತು, ಬಂಡೀಪುರಕ್ಕೆ ಕಾವಲು ಬಂತು. ಮೀನಿಗೆ? ಮೀನು ಎಂದರೆ ಸಾರು, ಅಷ್ಟೇ. ಬೆನ್ನ ಮೇಲೆ ಡುಬ್ಬ, ಕಿತ್ತಳೆ ಬಣ್ಣದ ರೆಕ್ಕೆ ಇರುವ ಈ ಮಹಶೀರ್ ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಜಗತ್ತಿನಲ್ಲಿ ಎಲ್ಲೂ ಇಲ್ಲ. ಇದು ಟಾರ್ ರೆಮದೇವಿಯೈ ಪ್ರಭೇದವೆಂದು ವಿಜ್ಞಾನಿಗಳು ಖಚಿತಪಡಿಸಿದ್ದು 2018ರಲ್ಲಿ. ಅದೇ ವರ್ಷ ಪ್ರಕೃತಿ ಸಂರಕ್ಷಣೆಯ ಅಂತಾರಾಷ್ಟ್ರೀಯ ಒಕ್ಕೂಟ ಐಯುಸಿಎನ್ ಅದನ್ನು ಅಳಿವಿನ ಅಂಚಿನ ಕೊನೆಯ ಹಂತದ ಪಟ್ಟಿಗೆ ಸೇರಿಸಿತು. ನಾಮಕರಣವೇ ಐಸಿಯುನಲ್ಲಿ ಆದಂತೆ.

ಮಹಶೀರ್‌ಗೆ ಹರಿಯುವ ತಿಳಿನೀರು ಬೇಕು, ಮೊಟ್ಟೆಗೆ ಗರಸು ಕಲ್ಲಿನ ತಳ ಬೇಕು, ಮಳೆಗಾಲದಲ್ಲಿ ಹೊಳೆಯ ಮೇಲಕ್ಕೆ ಹೋಗಲು ದಾರಿ ಬೇಕು. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ ಆ ದಾರಿಯನ್ನು ಕಡಿಯಿತು. ಮಂಡ್ಯದ ಗದ್ದೆಗೆ ಅನ್ನ ಕೊಟ್ಟ ಕಟ್ಟೆಯನ್ನು ಯಾರೂ ಬೈಯುವಂತಿಲ್ಲ, ನಾನೂ ಬೈಯುವುದಿಲ್ಲ. ಆದರೆ ಬೆಲೆ ತೆತ್ತವರಲ್ಲಿ ಮೀನೂ ಇತ್ತು. ಕಬಿನಿ, ಹೇಮಾವತಿಗೂ ಅಣೆಕಟ್ಟುಗಳು ಬಂದವು. ಮರಳು ಎತ್ತಿದ ಕಡೆ ಮೊಟ್ಟೆಗೆ ತಳವೇ ಇಲ್ಲ. ಮಡುವಿಗೆ ಸಿಡಿಮದ್ದು ಎಸೆದರೆ ದೊಡ್ಡದರ ಜೊತೆ ಮರಿಯೂ ಸಾಯುತ್ತದೆ, ತೇಲಿದ್ದನ್ನಷ್ಟೇ ಬಾಚಿಕೊಳ್ಳುತ್ತಾರೆ.

ಇವೆಲ್ಲ ಊಹಿಸಬಹುದಾದ ಪೆಟ್ಟುಗಳು. ಊಹಿಸದ ಪೆಟ್ಟು ಬಂದಿದ್ದು ಮೀನು ಉಳಿಸಲು ಹೊರಟವರಿಂದ. ಮಹಶೀರ್ ಕಡಿಮೆಯಾಗುತ್ತಿದೆ ಎಂದು 1970ರ ದಶಕದಲ್ಲಿ ಲೋನಾವಳದ ಮೊಟ್ಟೆಕೇಂದ್ರದಲ್ಲಿ ಬೆಳೆಸಿದ ಮರಿಗಳನ್ನು ತಂದು ಕಾವೇರಿಗೆ ಬಿಡತೊಡಗಿದರು. ಅದೂ ಮಹಶೀರೇ, ಆದರೆ ನೀಲಿ ರೆಕ್ಕೆಯದು, ಬೇರೆ ಪ್ರಭೇದ. ಮಹಶೀರ್ ಎಲ್ಲಾ ಒಂದೇ ಎಂಬ ಎಣಿಕೆಯಿತ್ತು. ಹೊಸದು ಚೆನ್ನಾಗಿ ಹೊಂದಿಕೊಂಡಿತು, ಹೆಚ್ಚಿತು.

ಇದು ಗೊತ್ತಾಗಿದ್ದು ಗಾಳದವರ ಪುಸ್ತಕದಿಂದ. ಮಳವಳ್ಳಿ ತಾಲ್ಲೂಕಿನ ಭೀಮೇಶ್ವರಿ, ಆಚೆ ಗಾಲಿಬೋರೆ ಶಿಬಿರಗಳಲ್ಲಿ ಹರಿಗೋಲಿನಲ್ಲಿ ಕೂತು, ಬೇಯಿಸಿದ ರಾಗಿಹಿಟ್ಟಿನ ಉಂಡೆಯನ್ನು ಗಾಳಕ್ಕೆ ಮೆತ್ತಿ ಮಡುವಿಗೆ ಬಿಡುತ್ತಿದ್ದರು. ಮಂಡ್ಯದ ಮೀನಿಗೂ ರಾಗಿಯೇ ಇಷ್ಟ! ಹಿಡಿದ ಮೀನು ತೂಗಿ, ಬರೆದು, ವಾಪಸ್ ನೀರಿಗೆ. ಗಾಲಿಬೋರೆಯ 1998ರಿಂದ 2012ರವರೆಗಿನ ಲೆಕ್ಕವನ್ನು ಸಂಶೋಧಕರು ತೆಗೆದು ನೋಡಿದರೆ ಒಟ್ಟು ಮಹಶೀರ್ ಹೆಚ್ಚಿದೆ, ಡುಬ್ಬದ್ದು ಮಾತ್ರ ಕುಸಿಯುತ್ತಾ ಹೋಗಿದೆ. ಒಟ್ಟು ಲೆಕ್ಕವನ್ನಷ್ಟೇ ನೋಡಿದವರಿಗೆ ಎಲ್ಲ ಸುಸೂತ್ರವಾಗಿಯೇ ಕಂಡಿರುತ್ತದೆ.

ಈ ಶಿಬಿರಗಳಿರುವ ಅಭಯಾರಣ್ಯದೊಳಗೆ ಗಾಳ ಹಾಕುವಂತಿಲ್ಲ ಎಂದಾದ ಮೇಲೆ ಆ ಪುಸ್ತಕವೂ ಮುಚ್ಚಿತು. ವನ್ಯಜೀವಿ ಕಾನೂನಿನ ದೃಷ್ಟಿಯಿಂದ ಅದು ಸರಿಯೇ ಇರಬಹುದು, ಆದರೆ ಹೊಳೆ ಕಾಯುತ್ತಾ ಮೀನು ಎಣಿಸುತ್ತಿದ್ದವರೂ ಆ ಗಾಳದವರೇ. ಡುಬ್ಬದ ಮಹಶೀರ್ ಇನ್ನೂ ಉಳಿದಿರುವ ಕೆಲವೇ ತಾಣಗಳಲ್ಲಿ ಬಂಡೀಪುರದ ದಕ್ಷಿಣಕ್ಕೆ ಹರಿಯುವ ಮೋಯಾರ್ ಒಂದು. ಅಲ್ಲಿಗಾದರೂ ಹೊರಗಿನ ಮರಿ ಬಿಡದಿದ್ದರೆ ಸಾಕು.