ತಟ್ಟೆ ಆರಿಸುವ ಮುಂಚೆ ಛತ್ರದ ಹಿತ್ತಲು ನೋಡಿ

ಮದುವೆ ಅಡುಗೆ ಒಪ್ಪಿಕೊಂಡು ಮಾಡುವ ಕೆಲಸದಲ್ಲಿ ನನಗೆ ಇಪ್ಪತ್ತು ವರ್ಷದ ಮೇಲಾಯಿತು. ಮೈಸೂರು, ಶ್ರೀರಂಗಪಟ್ಟಣ, ಮಂಡ್ಯ, ಪಾಂಡವಪುರ, ಇಷ್ಟರೊಳಗೇ ನಮ್ಮ ಓಡಾಟ. ಮೆನು ಮಾತಾಡಲು ಬಂದವರು ಜಹಾಂಗೀರ್ ಹಾಕಿಸೋಣವಾ, ಹೋಳಿಗೆ ಹಾಕಿಸೋಣವಾ ಅಂತ ಒಂದು ಗಂಟೆ ಕೂರುತ್ತಾರೆ. ತಟ್ಟೆಯ ಮಾತು ಬರುವುದು ಎದ್ದು ಚಪ್ಪಲಿ ಹಾಕಿಕೊಳ್ಳುವಾಗ. "ರಿಸೆಪ್ಷನ್ನಿಗೆ ತಟ್ಟೆ ಏನ್ ಮಾಡೋಣ ಸಾರ್? ಯೂಸ್ ಅಂಡ್ ಥ್ರೋ ಹಾಕ್ಬಿಡೋಣ್ವಾ?"

ನಾನು ತಿರುಗಿ ಕೇಳುವುದು ಒಂದೇ. "ಛತ್ರದ ಹಿಂದೆ ಹೋಗಿ ನೋಡಿದ್ದೀರಾ?"

ಸಾಮಾನ್ಯವಾಗಿ ಯಾರೂ ನೋಡಿರುವುದಿಲ್ಲ. ಸ್ಟೇಜ್ ನೋಡಿರುತ್ತಾರೆ, ಎಸಿ ನೋಡಿರುತ್ತಾರೆ, ಕಾರು ನಿಲ್ಲಿಸುವ ಜಾಗ ನೋಡಿರುತ್ತಾರೆ. ಅಡುಗೆಮನೆಯ ಹಿಂದೆ ಪಾತ್ರೆ ತೊಳೆಯುವ ಜಾಗ ಎಷ್ಟಿದೆ, ನಲ್ಲಿ ಎಷ್ಟು, ಚರಂಡಿ ಹರಿಯುತ್ತದಾ ಅಂತ ನೋಡಿರುವುದಿಲ್ಲ. ತೊಳೆಯುವ ತಟ್ಟೆಯೋ ಬಿಸಾಡುವ ತಟ್ಟೆಯೋ ಅನ್ನುವುದು ತೀರ್ಮಾನ ಆಗಬೇಕಾದ್ದು ಆ ಹಿತ್ತಲಲ್ಲಿ.

ಇದನ್ನು ನಾನು ಕಲಿತದ್ದು ಒಂದು ರಾತ್ರಿ. ಮೈಸೂರಿನ ಹೊರಗಿನ ಒಂದು ಛತ್ರ, ಎಂಟುನೂರು ಜನರ ಆರತಕ್ಷತೆ. ಹುಡುಗಿ ಮನೆಯವರಿಗೆ ಪಿಂಗಾಣಿ ತಟ್ಟೆಯೇ ಬೇಕಿತ್ತು. ನಾನೂ ಖುಷಿಯಿಂದ ಒಪ್ಪಿಕೊಂಡೆ, 400 ತಟ್ಟೆ ಬಾಡಿಗೆಗೆ ತಂದೆ. ಎಂಟೂವರೆಗೆ ಜನ ಒಟ್ಟಿಗೆ ಬಂದರು. ಒಂಬತ್ತು ಗಂಟೆಗೆ ಹಿತ್ತಲ ನಲ್ಲಿ ನಿಂತಿತು. ಕೈತೊಳೆಯುವ ಜಾಗಕ್ಕೂ, ಶೌಚಾಲಯಕ್ಕೂ, ಪಾತ್ರೆ ತೊಳೆಯುವುದಕ್ಕೂ ಒಂದೇ ಟ್ಯಾಂಕ್ ಅಂತ ಆಗ ಗೊತ್ತಾಯಿತು. ನಾನು ಹಿಂದೆ ಹೋಗಿ ನೋಡಿದರೆ ಮೂರು ಟಬ್. ಕೊನೆಯದು, ಅಂದರೆ ಶುದ್ಧ ನೀರು ಇರಬೇಕಾದ್ದು, ತಿಳಿ ಸಾರಿನ ಬಣ್ಣಕ್ಕೆ ತಿರುಗಿತ್ತು. ಅಂಚಿನಲ್ಲಿ ಹಳದಿ ಜಿಡ್ಡು ಕಟ್ಟಿತ್ತು. ಎರಡು ಕರಿಬೇವಿನ ಎಲೆ, ಅರ್ಧ ಗೋಡಂಬಿ ತೇಲುತ್ತಿದ್ದವು. ತಟ್ಟೆಯನ್ನು ಅದರಲ್ಲಿ ಅದ್ದಿ, ಬಟ್ಟೆಯಲ್ಲಿ ಒರೆಸಿ, ಒಳಗೆ ಕಳಿಸುತ್ತಿದ್ದರು. ತೊಳೆಯುತ್ತಿದ್ದ ಅಕ್ಕನನ್ನು ಬೈಯಲು ಬಾಯಿ ತೆರೆದೆ. ಅವರೇ ಮೊದಲು ಹೇಳಿದರು, "ಅಣ್ಣ, ನೀರ್ ಕೊಡಿ, ಎರಡ್ ಸಾವ್ರ ತಟ್ಟೆ ಬೇಕಾದ್ರೂ ತೊಳಿತೀನಿ. ನೀರಿಲ್ದೆ ಏನ್ ಮಾಡ್ಲಿ?"

ಒಂದು ತಟ್ಟೆ ತೆಗೆದುಕೊಂಡು ಹೆಬ್ಬೆರಳು ಎಳೆದೆ. ಜಾರಿತು. ಚೆನ್ನಾಗಿ ತೊಳೆದ ಪಿಂಗಾಣಿ ಬೆರಳಿಗೆ ಕಿರ್ ಅನ್ನಬೇಕು. ಜಾರಿದರೆ ಜಿಡ್ಡು ಹೋಗಿಲ್ಲ ಅಂತ ಅರ್ಥ. ಅಲ್ಲಿಗೇ ತಟ್ಟೆ ನಿಲ್ಲಿಸಿ, ಗೋಡೌನಿನಿಂದ ಅಡಿಕೆ ಹಾಳೆ ತಟ್ಟೆ ತರಿಸಿದೆ. ಇಪ್ಪತ್ತೈದು ನಿಮಿಷ ಜನ ಕ್ಯೂನಲ್ಲಿ ನಿಂತರು. ತಪ್ಪು ತಟ್ಟೆಯದಲ್ಲ. ಜಾಗ ನೋಡದೆ ಹೂಂ ಅಂದ ನನ್ನದು.

ಈಗ ನಾನು ಹಿತ್ತಲಲ್ಲಿ ನೋಡುವುದು ಇಷ್ಟು. ತೊಳೆಯುವುದಕ್ಕೇ ಬೇರೆ ನಲ್ಲಿ ಇರಬೇಕು, ಕನಿಷ್ಠ ಎರಡು. ಮೇಲಿನ ಟ್ಯಾಂಕ್ ಖಾಲಿಯಾದರೆ ಮೋಟಾರ್ ಹಾಕಲು ಯಾರಿದ್ದಾರೆ, ಕರೆಂಟ್ ಹೋದರೆ ಜನರೇಟರಿಗೆ ಮೋಟಾರ್ ಸೇರಿದೆಯಾ ಅಂತ ಕೇಳುತ್ತೇನೆ. ಇದು ಬಹಳ ಛತ್ರಗಳಲ್ಲಿ ಸೇರಿರುವುದಿಲ್ಲ. ದೀಪ ಉರಿಯುತ್ತದೆ, ನೀರು ಬರುವುದಿಲ್ಲ. ಒಂದು ತಟ್ಟೆ, ಒಂದು ಬಟ್ಟಲು, ಚಮಚ, ಲೋಟ ಸೇರಿ ಒಬ್ಬರ ಸೆಟ್ಟಿಗೆ ಎರಡು ಲೀಟರ್ ನೀರು ಅಂತ ನಾನು ಲೆಕ್ಕ ಇಟ್ಟುಕೊಳ್ಳುತ್ತೇನೆ. ಎಂಟುನೂರು ಜನಕ್ಕೆ 1,600 ಲೀಟರ್. ಅದು ಅಡುಗೆಯ ನೀರಲ್ಲ, ಕುಡಿಯುವ ನೀರೂ ಅಲ್ಲ, ಬರೀ ತೊಳೆಯುವುದಕ್ಕೆ.

ನೀರಿದ್ದರೆ ಸಾಲದು, ಕ್ರಮವೂ ಬೇಕು. ಮೊದಲು ಮುಸುರೆ ಬಳಿದು ಬಕೆಟ್ಟಿಗೆ ಹಾಕಬೇಕು. ಬಳಿಯದೆ ಟಬ್ಬಿಗೆ ಹಾಕಿದರೆ ಹತ್ತೇ ನಿಮಿಷಕ್ಕೆ ಸೋಪಿನ ನೀರು ಕೆಡುತ್ತದೆ. ಆಮೇಲೆ ಸೋಪು, ಆಮೇಲೆ ಹರಿಯುವ ನೀರು, ಕೊನೆಗೆ ಬಿಸಿ ನೀರು. ಆ ಬಿಸಿ ನೀರು ಸುಮ್ನೆ ಉಗುರು ಬೆಚ್ಚಗಿದ್ದರೆ ಪ್ರಯೋಜನವಿಲ್ಲ. ಸುಮಾರು 77 ಡಿಗ್ರಿ ಇದ್ದು, ತಟ್ಟೆ ಅದರಲ್ಲಿ ಅರ್ಧ ನಿಮಿಷ ಮುಳುಗಿರಬೇಕು. ಅಂದರೆ ಕೈ ಹಾಕಲು ಆಗದಷ್ಟು ಬಿಸಿ, ಜಾಲರಿ ಬುಟ್ಟಿಯಲ್ಲಿ ಇಳಿಸಿ ಎತ್ತಬೇಕು. ಅಷ್ಟು ಬಿಸಿಯಾದ ತಟ್ಟೆ ನಿಲ್ಲಿಸಿಟ್ಟರೆ ತಾನೇ ಒಣಗುತ್ತದೆ. ಒರೆಸುವ ಬಟ್ಟೆಯೇ ಬೇಡ. ನೂರು ತಟ್ಟೆ ಒರೆಸಿದ ಒದ್ದೆ ಬಟ್ಟೆಗಿಂತ ಕೊಳಕು ವಸ್ತು ಮದುವೆಮನೆಯಲ್ಲಿ ಇನ್ನೊಂದಿಲ್ಲ.

ಇಷ್ಟೆಲ್ಲ ಇದ್ದರೆ ಕಣ್ಣುಮುಚ್ಚಿ ತೊಳೆಯುವ ತಟ್ಟೆಗೇ ಹೋಗಿ ಅನ್ನುತ್ತೇನೆ. ನನ್ನ ಮೆಚ್ಚಿನದು ಸ್ಟೀಲು. ಒಡೆಯಲ್ಲ, ಕಲೆ ಕೂರಲ್ಲ, ಕುದಿಯುವ ನೀರಿಗೆ ಹಾಕಬಹುದು. ಒಂದೇ ತೊಂದರೆ, ಬಫೆಯಲ್ಲಿ ನಿಂತು ತಿನ್ನುವವರ ಅಂಗೈಗೆ ಬಿಸಿಬೇಳೆ ಬಾತಿನ ಬಿಸಿ ನೇರವಾಗಿ ತಟ್ಟುತ್ತದೆ. ಅದಕ್ಕೆ ಅಂಚು ಅಗಲವಿರುವ ತಟ್ಟೆ ಕೇಳಿ. ಪಿಂಗಾಣಿ ನೋಡಲು ಚೆಂದ, ಆದರೆ ಭಾರ. ಊಟ ತುಂಬಿದ ಪಿಂಗಾಣಿ ತಟ್ಟೆ ಹಿಡಿದು ನಿಂತ ಎಪ್ಪತ್ತು ವರ್ಷದ ಅಜ್ಜಿಯ ಕೈ ನಡುಗುವುದನ್ನು ನೋಡಿದ ಮೇಲೆ, ಪಿಂಗಾಣಿ ಇಟ್ಟ ಕಡೆ ಕುರ್ಚಿ ಟೇಬಲ್ ಜಾಸ್ತಿ ಹಾಕಿಸುತ್ತೇನೆ. ಮೆಲಮೈನ್ ಹಗುರ, ಬಾಡಿಗೆಯೂ ಕಡಿಮೆ. ಆದರೆ ಬಹಳ ಬಿಸಿ, ಹುಳಿ ಪದಾರ್ಥಕ್ಕೆ ಅದು ಒಗ್ಗಲ್ಲ, ಕುದಿಯುವ ನೀರಿಗೂ ಹಾಕುವಂತಿಲ್ಲ. ಗೀರು ಬಿದ್ದ ತಟ್ಟೆಯಲ್ಲಿ ಅರಿಸಿನ ಕೂತು ಹಳದಿಯಾಗಿರುತ್ತದೆ. ಬಾಡಿಗೆ ಅಂಗಡಿಯಲ್ಲಿ ಮೇಲಿನ ನಾಲ್ಕು ತಟ್ಟೆ ನೋಡಿ ಬರಬೇಡಿ. ಕಟ್ಟಿನ ನಡುವಿನದೊಂದು ಎಳೆದು ನೋಡಿ.

ನೀರಿಲ್ಲ, ಜಾಗವಿಲ್ಲ ಅಂದರೆ ಬಿಸಾಡುವ ತಟ್ಟೆಯೇ ಸರಿ. ಅದರಲ್ಲಿ ನಾಚಿಕೆ ಪಡುವುದೇನೂ ಇಲ್ಲ. ಬಾಳೆ ಎಲೆಯೂ ಬಿಸಾಡುವುದೇ ಅಲ್ವಾ? ಪ್ರಶ್ನೆ ಇರುವುದು ಯಾವುದನ್ನು ಬಿಸಾಡುತ್ತೀರಿ ಅನ್ನುವುದರಲ್ಲಿ. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಥರ್ಮೋಕೋಲ್ ತಟ್ಟೆ, ಊಟದ ಟೇಬಲ್ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆ, ಇವನ್ನೆಲ್ಲ ಕರ್ನಾಟಕ ಸರ್ಕಾರ 2016ರಲ್ಲೇ ನಿಷೇಧಿಸಿದೆ. 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ ಇಡೀ ದೇಶದಲ್ಲೇ ನಿಷೇಧ. ಆದರೂ ಟೇಬಲ್ ಹಾಳೆಯನ್ನು ಈಗಲೂ ಕೇಳುತ್ತಾರೆ. ನಾನು ಹಾಕುವುದಿಲ್ಲ. ಪೇಪರ್ ರೋಲ್ ಹಾಸಿ, ಎಲೆ ಜೊತೆಗೇ ಸುತ್ತಿ ಎತ್ತಿದರೆ ಅಷ್ಟೇ ಸುಲಭ.

ಹೆಸರಿಗೆ ಪೇಪರ್ ಅಂದಿದ್ದೆಲ್ಲ ಪೇಪರಲ್ಲ. ಬೆಳ್ಳಿ ಬಣ್ಣದ ಪೇಪರ್ ತಟ್ಟೆಗೆ ಮೇಲೆ ಪ್ಲಾಸ್ಟಿಕ್ ಪದರ ಇರುತ್ತದೆ. ಹಸಿರು ಬಣ್ಣ ಹೊಡೆದ 'ಪೇಪರ್ ಬಾಳೆ ಎಲೆ'ಯದೂ ಸಾಮಾನ್ಯವಾಗಿ ಅದೇ ಕಥೆ. ಒಂದು ತುದಿ ಹರಿದು ನಿಧಾನಕ್ಕೆ ಎಳೆದರೆ ತೆಳು ಪೊರೆ ಹಿಗ್ಗಿಕೊಂಡು ಬರುತ್ತದೆ. ಊಟದ ವಾಸನೆಗೆ ದನ ಅದನ್ನೂ ತಿನ್ನುತ್ತದೆ, ಹೊಟ್ಟೆಯೊಳಗೆ ಅದು ಕರಗುವುದಿಲ್ಲ. ಒಣ ಮುತ್ತುಗದ ಎಲೆ ಕಡ್ಡಿಯಲ್ಲಿ ಹಚ್ಚಿದ್ದಾದರೆ ಚಿಂತೆಯಿಲ್ಲ. ಆದರೆ ಮೆಷಿನ್ನಿನಲ್ಲಿ ಒತ್ತಿದ್ದನ್ನು ತಿರುಗಿಸಿ ನೋಡಿ. ಕೆಲವದಕ್ಕೆ ಬೆನ್ನಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ.

ಕಾಫಿಯ ಪೇಪರ್ ಕಪ್ಪಿನ ಒಳಗೂ ಅದೇ ಪೊರೆ. ಅಂಥ ಕಪ್ಪಿನಲ್ಲಿ 100 ಮಿಲಿ ಬಿಸಿ ನೀರು 15 ನಿಮಿಷ ಇದ್ದರೆ ಸುಮಾರು 25,000 ಸಣ್ಣ ಪ್ಲಾಸ್ಟಿಕ್ ಕಣ ಬಿಡುತ್ತದೆ ಅಂತ ಐಐಟಿ ಖರಗ್‌ಪುರದವರು ಲೆಕ್ಕ ಕೊಟ್ಟಿದ್ದಾರೆ. ಫಿಲ್ಟರ್ ಕಾಫಿಗೆ ಅಷ್ಟು ಮುತುವರ್ಜಿ ವಹಿಸುವ ಮೈಸೂರಿನವರು ಅದನ್ನು ಪೇಪರ್ ಕಪ್ಪಿನಲ್ಲಿ ಕೊಡುವುದು ನನಗೆ ನಿಜಕ್ಕೂ ಬೇಸರ. ಎಷ್ಟೇ ನೀರಿನ ತೊಂದರೆ ಇರಲಿ, ಕಾಫಿ ಲೋಟ ಮಾತ್ರ ಸ್ಟೀಲೇ ಇರಲಿ. ಜಿಡ್ಡಿಲ್ಲದ ಲೋಟ ತೊಳೆಯಲು ಎಷ್ಟು ಹೊತ್ತು?

ಬಿಸಾಡುವುದರಲ್ಲಿ ಊಟದ ತಟ್ಟೆಗೆ ನನ್ನ ಆಯ್ಕೆ ಅಡಿಕೆ ಹಾಳೆ. ತೋಟದಲ್ಲಿ ತಾನಾಗಿ ಉದುರಿದ ಹಾಳೆಯನ್ನು ನೆನೆಸಿ, ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತುತ್ತಾರೆ. ಅಂಟು ಬೇಕಿಲ್ಲ. ಸಾರು ಹಾಕಿದರೂ ತಡೆಯುತ್ತದೆ, ಕೈ ಸುಡುವುದಿಲ್ಲ. ಆದರೆ ಮಳೆಯಲ್ಲಿ ನೆನೆದು ಬೂಸ್ಟು ಹಿಡಿದ ಹಾಳೆಯನ್ನು ಒತ್ತಿದ ತಟ್ಟೆಯೂ ಮಾರುಕಟ್ಟೆಗೆ ಬರುತ್ತದೆ. ಕಟ್ಟು ಬಿಚ್ಚಿದ ಕೂಡಲೇ ಮೂಗಿನ ಹತ್ತಿರ ಹಿಡಿಯಿರಿ. ಒಣ ಹುಲ್ಲಿನ ವಾಸನೆ ಬಂದರೆ ಸರಿ, ಮುಗ್ಗಲು ವಾಸನೆ ಬಂದರೆ, ಕಪ್ಪು ಚುಕ್ಕೆ ಇದ್ದರೆ ವಾಪಸ್ ಕಳಿಸಿ. ಒಂದು ತಟ್ಟೆಗೆ ಬಿಸಿ ಸಾರು ಹಾಕಿ ಕಾಲು ಗಂಟೆ ಬಿಟ್ಟು, ಕೆಳಗೆ ಕೈಯಾಡಿಸಿ ನೋಡಿ ಆಮೇಲೆ ದುಡ್ಡು ಕೊಡಿ. ಕಬ್ಬಿನ ಸಿಪ್ಪೆಯ ತಟ್ಟೆಯೂ ಈಗ ಸಿಗುತ್ತದೆ. 1933ರಿಂದ ಮೈಷುಗರ್ ಸಕ್ಕರೆ ಕಾರ್ಖಾನೆ ಇರುವ ಮಂಡ್ಯದವರಿಗೆ ಆ ಸಿಪ್ಪೆ ಹೊಸದೇನಲ್ಲ. ಚಾಟ್, ಸಿಹಿ, ಹಣ್ಣಿಗೆ ಅದು ಸಾಕು. ತೆಳುವಾದದ್ದಕ್ಕೆ ಬಿಸಿ ಸಾರು ಹಾಕಿದರೆ ತಳ ಮೆತ್ತಗಾಗುತ್ತದೆ.

ಪಂಕ್ತಿಯಲ್ಲಿ ಕೂರಿಸಿ ಬಡಿಸುವ ಮನಸ್ಸಿದ್ದರೆ ಬಾಳೆ ಎಲೆಗೆ ಸಮ ಯಾವುದೂ ಇಲ್ಲ. ತುದಿ ಎಡಕ್ಕೆ ಬರುವಂತೆ ಹಾಸಿ, ನೀರು ಚಿಮುಕಿಸಿ ಒರೆಸಿದರೆ ಮುಗಿಯಿತು. ಲಗ್ನದ ದಿನಗಳಲ್ಲಿ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಎಲೆ ಬೆಲೆ ಏರುತ್ತದೆ, ವಾರ ಮೊದಲೇ ಹೇಳಿಟ್ಟಿರಿ. ನೂರಕ್ಕೆ ಹತ್ತು ಎಲೆ ಹೆಚ್ಚಿಗೆ ತರಿಸಿ, ಸೀಳಿದ್ದು ಬಂದೇ ಬರುತ್ತದೆ. ಮಂಡ್ಯ ಕಡೆ ಹಳ್ಳಿಯಲ್ಲಿ ಮನೆ ಮುಂದೆ ಶಾಮಿಯಾನ ಹಾಕಿ ಮಾಡುವ ಮದುವೆಗೆ ನಾನು ಬೇರೆ ಯೋಚನೆಯನ್ನೇ ಮಾಡುವುದಿಲ್ಲ. ಅಲ್ಲಿ ತ್ರೀ ಫೇಸ್ ಕರೆಂಟ್ ಇದ್ದಾಗ ಮಾತ್ರ ಬೋರ್ ನೀರು. ಎಲೆ ತಿಪ್ಪೆಗೆ ಹೋಗುತ್ತದೆ, ಗೊಬ್ಬರವಾಗುತ್ತದೆ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ಮಿಕ್ಕ ಅನ್ನ, ಪಾಯಸವನ್ನು ಹಸು ಮುಂದೆ ಬುಟ್ಟಿಗಟ್ಟಲೆ ಸುರಿಯಬೇಡಿ. ಒಟ್ಟಿಗೆ ಅಷ್ಟು ಅನ್ನ ತಿಂದರೆ ಹೊಟ್ಟೆಯಲ್ಲಿ ಹುಳಿ ಏರಿ ಹಸು ಸತ್ತೇ ಹೋಗಬಹುದು. ಬರೀ ಎಲೆ ಹಾಕಿ, ಅನ್ನ ಬೇರೆ ಮಾಡಿ.

ಖರ್ಚು ಕೇಳುವವರಿಗೆ ನಾನು ಹೇಳುವುದು, ತಟ್ಟೆಗೆ ತಟ್ಟೆ ಹೋಲಿಸಬೇಡಿ ಅಂತ. ಬಾಡಿಗೆ ತಟ್ಟೆಗೆ ಗಾಡಿ ಬಾಡಿಗೆ, ತೊಳೆಯುವವರ ಕೂಲಿ, ಒಡೆದದ್ದು, ಕಳೆದದ್ದು ಸೇರಿಸಿ. ಹಾಳೆ ತಟ್ಟೆಗೆ, ಒಬ್ಬರು ಎರಡು ತಟ್ಟೆ ತೆಗೆದುಕೊಳ್ಳುತ್ತಾರೆ ಅನ್ನುವುದನ್ನೂ, ಕಸ ಸಾಗಿಸುವುದನ್ನೂ ಸೇರಿಸಿ. ಇನ್ನೂರು ಜನದ ಊಟಕ್ಕೆ ಹಾಳೆ ತಟ್ಟೆ ಅಗ್ಗ. ಐನೂರು ದಾಟಿ, ನೀರೂ ಇದ್ದರೆ ಬಹಳ ಸಲ ಸ್ಟೀಲೇ ಗೆಲ್ಲುತ್ತದೆ. ಎಂಟುನೂರು ಜನಕ್ಕೆ ಎಂಟುನೂರು ತಟ್ಟೆ ಬೇಕಿಲ್ಲ. ತೊಳೆಯುವ ಕೈ ನಾಲ್ಕು ಜೋಡಿ ಇದ್ದರೆ 450 ಸಾಕು.

ಕಸದ ಮಾತನ್ನು ನಾನು ಸುಮ್ನೆ ಎತ್ತುವುದಿಲ್ಲ. 2015ರಲ್ಲೂ 2016ರಲ್ಲೂ ದೇಶದ ಸ್ವಚ್ಛ ನಗರ ಅಂತ ಮೊದಲ ಸ್ಥಾನ ಪಡೆದ ಊರು ಮೈಸೂರು. ಅದೇ ಊರಿನ ವಿದ್ಯಾರಣ್ಯಪುರಂ ಸೂಯೇಜ್ ಫಾರ್ಮ್‌ನಲ್ಲಿ ಕಸದ ಗುಡ್ಡ ಬೆಳೆದದ್ದನ್ನೂ ನಾವೇ ನೋಡಿದ್ದೇವೆ. ಎಲೆ, ಹಾಳೆ ತಟ್ಟೆ, ಊಟ ಒಂದು ಡ್ರಮ್ಮಿಗೆ, ಪುಟ್ಟ ನೀರಿನ ಬಾಟಲಿ ಇನ್ನೊಂದಕ್ಕೆ ಅಂತ ಮಾಡಿದರೆ ಹಸಿ ಕಸ ಗೊಬ್ಬರವಾಗುತ್ತದೆ. ಬೆರೆಸಿದರೆ ಹಾಳೆ ತಟ್ಟೆ ತಂದದ್ದೂ ದಂಡ. ಆ ಪುಟ್ಟ ಬಾಟಲಿಯನ್ನೇ ಬಿಟ್ಟು ಸ್ಟೀಲ್ ಲೋಟ, ಜಗ್ ಇಟ್ಟು, ನೀರು ಹಾಕಲು ಇಬ್ಬರು ಹುಡುಗರನ್ನು ನಿಲ್ಲಿಸಿದರೆ ಇನ್ನೂ ಒಳ್ಳೆಯದು. ಹಾಗೆ ಮಾಡಿದ ಮದುವೆಗಳಲ್ಲಿ ಹಿರಿಯರು ನೀರು ಕೇಳಿ ಕುಡಿಯುವುದನ್ನು ನೋಡಿದ್ದೇನೆ. ಬಾಟಲಿ ಮುಚ್ಚಳ ತಿರುಗಿಸಲು ಅವರಿಗೆ ಕಷ್ಟ.

ಬಾಡಿಗೆ ಸಾಮಾನಿನಲ್ಲಿ ಅತಿ ಹೆಚ್ಚು ಕಳೆಯುವುದು ತಟ್ಟೆಯಲ್ಲ, ಚಮಚ. ಮುಸುರೆ ಬಳಿಯುವಾಗ ಅನ್ನದ ಜೊತೆ ಅದೂ ಡ್ರಮ್ಮಿಗೆ ಬೀಳುತ್ತದೆ. ಮುಸುರೆ ಬಕೆಟ್ ಪಕ್ಕ ಸೋಪು ನೀರಿನ ಸಣ್ಣ ಟಬ್ ಇಟ್ಟು, ಚಮಚ ಎತ್ತಿ ಅದಕ್ಕೆ ಹಾಕುವುದಕ್ಕೇ ಅಂತ ಒಬ್ಬರನ್ನು ಕೂರಿಸಿ. ಅವರಿಗೊಂದು ಸ್ಟೂಲ್ ಕೊಡಿ, ರಾತ್ರಿ ಹನ್ನೊಂದರವರೆಗೂ ಅವರು ಅಲ್ಲೇ ಇರಬೇಕು.