ಬೂತಾಯಿ, ನಕ್ಷತ್ರಮೀನು, ಕಾಂಡ್ಲಾ: ಕಡಲ ಜೀವಿಗಳ ನಂಟಿನ ಬಗ್ಗೆ ಟಿಪ್ಪಣಿ

ಜೀವಿಗಳ ಪರಸ್ಪರ ಸಂಬಂಧದ ಪಾಠ ಓದುವಾಗ ನಾವೆಲ್ಲ ಮೊದಲು ಬಾಯಿಪಾಠ ಮಾಡುವುದು ಪ್ಲಸ್, ಮೈನಸ್, ಸೊನ್ನೆಯ ಆ ಪಟ್ಟಿಯನ್ನು. ಇಬ್ಬರಿಗೂ ಲಾಭವಾದರೆ ಮ್ಯೂಚುವಲಿಸಂ. ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ಏನೂ ಇಲ್ಲ ಅಂದರೆ ಕಮೆನ್ಸಲಿಸಂ. ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟವಾದರೆ ಬೇಟೆ ಅಥವಾ ಪರಾವಲಂಬನೆ, ಇಬ್ಬರಿಗೂ ನಷ್ಟವಾದರೆ ಸ್ಪರ್ಧೆ. ಒಂದು ಅಂಕದ ಪ್ರಶ್ನೆಗೆ ಇಷ್ಟು ಸಾಕು. ಆದರೆ ಈ ಪಟ್ಟಿ ಒಂದು ಸಲಕ್ಕೆ ಎರಡೇ ಜೀವಿಗಳನ್ನು ನೋಡುತ್ತದೆ. ಕಡಲಲ್ಲಿ ಎಷ್ಟೋ ದೊಡ್ಡ ಬದಲಾವಣೆ ಬರುವುದು ಮೂರನೆಯ ಜೀವಿಯಿಂದ. ಹಾಗಾಗಿ ಯಾವ ಜೀವಿ ಬಂದರೂ ನಾನು ಕೇಳುವ ಪ್ರಶ್ನೆ ಒಂದೇ: ಇದು ಇಲ್ಲವಾದರೆ ಯಾರಿಗೆ ಏನಾಗುತ್ತದೆ?

ನಮ್ಮ ಬೂತಾಯಿಯಿಂದಲೇ (ಮತ್ತಿ, ಅಂದರೆ ಸಾರ್ಡೀನ್ ಮೀನು) ಶುರು ಮಾಡೋಣ. ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಮೀನು ತಿನ್ನುವ ಯಾವ ಮನೆಗೂ ಅದು ಹೊಸದಲ್ಲ. ಮಳೆಗಾಲದಲ್ಲಿ ಬೀಸುವ ಗಾಳಿ ಮತ್ತು ಭೂಮಿಯ ತಿರುಗುವಿಕೆ ಸೇರಿ ಮೇಲ್ಮೈ ನೀರನ್ನು ದಡದಿಂದ ಆಚೆ ತಳ್ಳುತ್ತವೆ, ಆ ಜಾಗಕ್ಕೆ ಆಳದ ತಣ್ಣನೆಯ ನೀರು ಏರಿ ಬರುತ್ತದೆ, ಜೊತೆಗೆ ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್ ಹೊತ್ತು ತರುತ್ತದೆ. ಡಯಾಟಂ ಎಂಬ ಸೂಕ್ಷ್ಮ ಪಾಚಿಗೆ ಚಿಪ್ಪು ಕಟ್ಟಲು ಸಿಲಿಕೇಟ್ ಬೇಕೇ ಬೇಕು. ಅದು ಸಿಕ್ಕಿದ ಕೂಡಲೇ ಡಯಾಟಂ ವಿಪರೀತ ಹೆಚ್ಚುತ್ತದೆ. ಬೂತಾಯಿ ಅದನ್ನು ಕಿವಿರಿನ ಒತ್ತಾದ ಎಳೆಗಳಲ್ಲಿ ಸೋಸಿ ತಿನ್ನುತ್ತದೆ. ಬೂತಾಯಿಯನ್ನು ಅಂಜಲ್, ಕೇದರದಂತಹ ದೊಡ್ಡ ಮೀನುಗಳು, ಡಾಲ್ಫಿನ್, ಕಡಲಹಕ್ಕಿಗಳು ತಿನ್ನುತ್ತವೆ.

ಇಲ್ಲಿ ಒಂದು ವಿಷಯ ಗಮನಿಸಿ. ಕೆಳಗಿನ ಪ್ಲಾಂಕ್ಟನ್ (ನೀರಲ್ಲಿ ತೇಲುವ ಸೂಕ್ಷ್ಮ ಜೀವಿ) ಜಾತಿಗಳು ನೂರಾರು, ಮೇಲಿನ ಬೇಟೆಗಾರರೂ ಹಲವರು, ನಡುವೆ ಮಾತ್ರ ಬೂತಾಯಿಯಂತಹ ಕೆಲವೇ ಮೀನುಗಳು. ಕೆಳಗಿನ ಶಕ್ತಿಯ ದೊಡ್ಡ ಪಾಲು ಈ ಇಕ್ಕಟ್ಟಿನ ದಾರಿಯಲ್ಲೇ ಮೇಲೆ ಹೋಗಬೇಕು, ಅದೂ ಒಂದೊಂದು ಹಂತ ದಾಟುವಾಗ ಸುಮಾರು ಶೇ. 10ರಷ್ಟೇ ಉಳಿಯುತ್ತದೆ. 2012ರಲ್ಲಿ ಕೇರಳದಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,300 ಟನ್ ಆಸುಪಾಸು. ನೂರರಲ್ಲಿ ಒಂದು ಪಾಲೂ ಇಲ್ಲ! 2015ರ ಎಲ್ ನಿನೋದಿಂದ (ಪೆಸಿಫಿಕ್ ಸಾಗರ ವಾಡಿಕೆಗಿಂತ ಬಿಸಿಯಾಗುವ ವಿದ್ಯಮಾನ) ನಮ್ಮ ಕಡಲು ಬಿಸಿಯಾದದ್ದು, ಮರಿಗಳನ್ನೂ ಬಿಡದೆ ಹಿಡಿದದ್ದು, ಎರಡನ್ನೂ ವಿಜ್ಞಾನಿಗಳು ಕಾರಣವಾಗಿ ಹೇಳುತ್ತಾರೆ. 10 ಸೆಂಟಿಮೀಟರ್‌ಗಿಂತ ಸಣ್ಣ ಬೂತಾಯಿ ಹಿಡಿಯಬಾರದೆಂದು ಕೇರಳದಲ್ಲಿ ನಿಯಮವೇ ಇದೆ. ಆದರೂ ಮೊಟ್ಟೆ ಇಡುವ ಮೊದಲೇ ಮರಿಗಳು ಮೀನುಹಿಟ್ಟಿಗೆ ಹೋಗುತ್ತವಲ್ಲ, ಅದು ನೆನೆದರೆ ಹೊಟ್ಟೆ ಉರಿಯುತ್ತದೆ.

ಇಷ್ಟು ಮುಖ್ಯ ಅಂದಮೇಲೆ ಬೂತಾಯಿ ಕೀಸ್ಟೋನ್ ಪ್ರಭೇದ ಅಲ್ವಾ? ಅಲ್ಲ. ತುಂಬಾ ಜನ ಅಂಕ ಕಳೆದುಕೊಳ್ಳುವುದು ಇಲ್ಲೇ. ಸಂಖ್ಯೆಯಲ್ಲಿ, ತೂಕದಲ್ಲಿ ಕಡಿಮೆ ಇದ್ದೂ ಅದಕ್ಕೆ ಹೋಲಿಸಿದರೆ ಬಹಳ ಜಾಸ್ತಿ ಪರಿಣಾಮ ಬೀರುವ ಜೀವಿ ಮಾತ್ರ ಕೀಸ್ಟೋನ್. ಬೂತಾಯಿ ರಾಶಿ ರಾಶಿ ಇರುತ್ತದೆ, ಅದರ ಪರಿಣಾಮವೂ ರಾಶಿಗೆ ತಕ್ಕಂತೆಯೇ.

ಕೀಸ್ಟೋನ್‌ಗೆ ಸರಿಯಾದ ಉದಾಹರಣೆ ಪರಿಸರ ವಿಜ್ಞಾನಿ ರಾಬರ್ಟ್ ಪೇಯ್ನ್ ಅವರ ನಕ್ಷತ್ರಮೀನು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕರಾವಳಿಯ ಬಂಡೆಗಳಲ್ಲಿ 1963ರಿಂದ ಅವರು ಒಂದು ಜಾಗದ ಪಿಸಾಸ್ಟರ್ ನಕ್ಷತ್ರಮೀನುಗಳನ್ನೆಲ್ಲ ಕಿತ್ತು ಕಡಲಿಗೆ ಎಸೆಯುತ್ತಾ ಬಂದರು. ಅದರ ಮುಖ್ಯ ಊಟ ಮಸಲ್, ಅಂದರೆ ನಮ್ಮ ಪಚ್ಚಿಲೆಯ ಬಳಗದ್ದೇ ಚಿಪ್ಪುಜೀವಿ. ಪಡನ್ನದ ಹಿನ್ನೀರಿನಲ್ಲಿ ಕಲ್ಲುಮ್ಮಕಾಯಿ (ಪಚ್ಚಿಲೆಯೇ) ಕೃಷಿ ನೋಡಿದವರಿಗೆ ಗೊತ್ತು, ಅದು ಹಗ್ಗ ಕಾಣದಂತೆ ಒತ್ತೊತ್ತಾಗಿ ಬೆಳೆಯುತ್ತದೆ. ಅಲ್ಲಿನ ಬಂಡೆಯಲ್ಲೂ ಹಾಗೇ ಆಯಿತು. ತಿನ್ನುವವನಿಲ್ಲದೆ ಮಸಲ್ ಹರಡಿತು, ಪಾಚಿಗಳಿಗೆ, ಕವಡೆಯಂತಹ ಸಣ್ಣ ಜೀವಿಗಳಿಗೆ ಜಾಗ ಸಿಗಲಿಲ್ಲ, 15 ಪ್ರಭೇದಗಳಿದ್ದಲ್ಲಿ 8 ಉಳಿದವು. ನಕ್ಷತ್ರಮೀನು ಪಾಚಿಗೆ ನೇರವಾಗಿ ಏನೂ ಕೊಡುತ್ತಿರಲಿಲ್ಲ. ಆದರೂ ಪಾಚಿ ಉಳಿದದ್ದು ಅದರಿಂದ. 1966ರಲ್ಲಿ ಪೇಯ್ನ್ ಇದನ್ನು ಪ್ರಕಟಿಸಿದರು, ಕೀಸ್ಟೋನ್ ಎಂಬ ಹೆಸರು ಕೊಟ್ಟದ್ದು 1969ರಲ್ಲಿ.

ಪ್ಲಸ್ ಮೈನಸ್ ಚಿಹ್ನೆಗಳೂ ಸ್ಥಿರ ಅಲ್ಲ. ಹವಳದ ಒಳಗಿರುವ ಪಾಚಿ ಅದಕ್ಕೆ ಬೇಕಾದ ಆಹಾರದ ಬಹುಪಾಲು ಕೊಡುತ್ತದೆ. ನೀರು ವಾಡಿಕೆಯ ಬೇಸಿಗೆಗಿಂತ ಒಂದೇ ಡಿಗ್ರಿ ಹೆಚ್ಚು ಬಿಸಿಯಾಗಿ ಕೆಲವು ವಾರ ಹಾಗೇ ಇದ್ದರೆ ಹವಳ ಆ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ, ಇಬ್ಬರಿಗೂ ಲಾಭವಿದ್ದ ನಂಟು ಅಲ್ಲಿಗೆ ಮುರಿಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಇದು ದೊಡ್ಡ ಮಟ್ಟದಲ್ಲಿ ಆಯಿತು.

ಕುಂಬಳೆ, ಮೊಗ್ರಾಲ್, ಶಿರಿಯ ಹೊಳೆಬಾಯಿಗಳ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಬೇರೆಯೇ ಗುಂಪು, ಇವು ಫೌಂಡೇಶನ್ ಪ್ರಭೇದ. ಇವು ಬೇರೆ ಜೀವಿಗಳಿಗೆ ಮನೆಯನ್ನೇ ಕಟ್ಟಿಕೊಡುತ್ತವೆ. ಉದುರಿದ ಎಲೆ ಬ್ಯಾಕ್ಟೀರಿಯಾ, ಶಿಲೀಂಧ್ರ, ಏಡಿಗಳ ಕೈಗೆ ಸಿಕ್ಕಿ ಪುಡಿಯಾಗಿ ಸಿಗಡಿ ಮರಿಗಳ ಹೊಟ್ಟೆ ಸೇರುತ್ತದೆ, ಬೇರುಗಳ ಸಂದಿಯಲ್ಲಿ ಅವು ಬಚ್ಚಿಟ್ಟುಕೊಳ್ಳುತ್ತವೆ.

ಕೊನೆಗೆ, ಬಿಳಿಹೊಟ್ಟೆ ಕಡಲ ಹದ್ದು. 2023ರಲ್ಲಿ ಕಾಸರಗೋಡು ಇದನ್ನು ಜಿಲ್ಲೆಯ ಹಕ್ಕಿ ಎಂದು ಘೋಷಿಸಿತು. ಮೀನು, ಕಡಲಹಾವು ತಿನ್ನುತ್ತದೆ, ಕರಾವಳಿಯ ಎತ್ತರದ ಮರಗಳಲ್ಲಿ ಗೂಡು ಕಟ್ಟುತ್ತದೆ. ಮೇಲಿನ ಹಂತದಲ್ಲಿದೆ ಎಂದು ಸುಮ್ನೆ ಕೀಸ್ಟೋನ್ ಅಂತ ಬರೆಯಬೇಡಿ, ಅದನ್ನು ಪೇಯ್ನ್ ತರಹ ಪರೀಕ್ಷಿಸಿಯೇ ಹೇಳಬೇಕು. ಆಹಾರಜಾಲದ ಚಿತ್ರ ಬರೆಯುವಾಗ ತಿನ್ನುವ ಸಂಬಂಧಕ್ಕೆ ಗಟ್ಟಿ ಗೆರೆ, ಉಳಿದ ಅವಲಂಬನೆಗೆ ಚುಕ್ಕಿ ಗೆರೆ ಹಾಕಿ. ಹದ್ದಿಗೆ ಮೀನಿನಿಂದ ಒಂದು ಗಟ್ಟಿ ಗೆರೆ ಬರುತ್ತದೆ, ಗೂಡಿನ ಮರದಿಂದ ಒಂದು ಚುಕ್ಕಿ ಗೆರೆ.