255 ಎಂಬ ಒಂದೇ ಸಂಖ್ಯೆ, ಎರಡು ಬಗೆಯ ಎಣಿಕೆ

ವಿಂಡೋಸ್‌ನಲ್ಲಿ ವರ್ಷಗಟ್ಟಲೆ ಯಾವ ತಕರಾರೂ ಇಲ್ಲದೆ ತೆರೆದುಕೊಳ್ಳುತ್ತಿದ್ದ ಕನ್ನಡ ಹೆಸರಿನ ಕಡತವೊಂದನ್ನು ಲಿನಕ್ಸ್ ಕಂಪ್ಯೂಟರಿಗೆ ನಕಲಿಸುವಾಗ, ಹೆಸರು ತೀರಾ ಉದ್ದವಾಗಿದೆ ಎಂಬ ಸೂಚನೆ ಬಂದು ಕೆಲಸ ನಿಲ್ಲುವುದುಂಟು. ಎರಡೂ ಕಡೆ ಮಿತಿ 255 ಎಂದೇ ಬರೆದಿರುವುದರಿಂದ ತಪ್ಪೆಲ್ಲಿದೆಯೆಂಬುದು ಬಳಕೆದಾರರಿಗೆ ತಿಳಿಯುವುದಿಲ್ಲ.

ಮೊದಲ ಕಾಲದ ಯುನಿಕ್ಸ್ 14 ಅಕ್ಷರಗಳನ್ನೂ, ಎಂಎಸ್-ಡಾಸ್ ಹೆಸರಿಗೆ 8 ಮತ್ತು ಎಕ್ಸ್‌ಟೆನ್ಷನ್‌ಗೆ 3 ಅಕ್ಷರಗಳನ್ನೂ ಕೊಟ್ಟಿದ್ದವು; 1983ರಲ್ಲಿ ಬರ್ಕ್ಲಿ ಯುನಿಕ್ಸ್‌ನ 4.2ನೇ ಆವೃತ್ತಿ, 1995ರಲ್ಲಿ ವಿಂಡೋಸ್ 95 ಈ ಮಿತಿಯನ್ನು 255ಕ್ಕೆ ಏರಿಸಿದವು.

ನಿಜವಾದ ತೊಡಕು ಹುಟ್ಟಿದ್ದು, ಎಲ್ಲ ಭಾಷೆಗಳ ಲಿಪಿಗಳಿಗೂ ಸಂಖ್ಯಾರೂಪದ ಸಂಕೇತ ಕೊಡುವ ಯುನಿಕೋಡ್ ಬಂದ ಮೇಲೆ. ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ವ್ಯವಸ್ಥೆಗಳಾದ ಲಿನಕ್ಸ್‌ನ ಎಕ್ಸ್ಟ್4 ಮತ್ತು ವಿಂಡೋಸ್‌ನ ಎನ್‌ಟಿಎಫ್‌ಎಸ್ ಎರಡೂ ಹೆಸರಿನ ಉದ್ದವನ್ನು ಒಂದೇ ಬೈಟ್‌ನಲ್ಲಿ ಬರೆದಿಡುತ್ತವೆ. ಒಂದು ಬೈಟ್‌ನಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 255. ಆದರೆ ಎನ್‌ಟಿಎಫ್‌ಎಸ್ ಎಣಿಸುವುದು 16 ಬಿಟ್‌ಗಳ ಘಟಕಗಳನ್ನು, ಎಕ್ಸ್ಟ್4 ಎಣಿಸುವುದು 8 ಬಿಟ್‌ಗಳ ಬೈಟ್‌ಗಳನ್ನು. ಕನ್ನಡದ ಒಂದು ಸಂಕೇತ 16 ಬಿಟ್‌ಗಳ ಒಂದೇ ಘಟಕದಲ್ಲಿ ಹಿಡಿಸುತ್ತದೆ. ಆದರೆ ಲಿನಕ್ಸ್‌ನಲ್ಲಿ ಯುನಿಕೋಡ್ ಸಂಕೇತಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು, ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟ್ ಬೇಕು. ಹೀಗಾಗಿ ಎನ್‌ಟಿಎಫ್‌ಎಸ್‌ನಲ್ಲಿ 255 ಕನ್ನಡ ಸಂಕೇತಗಳಿಗೆ ಇರುವ ಜಾಗ ಎಕ್ಸ್ಟ್4ನಲ್ಲಿ 85ಕ್ಕೆ ಇಳಿಯುತ್ತದೆ. ಸಂಕೇತವೆಂದರೆ ನಾವು ಓದುವ ಅಕ್ಷರವೂ ಅಲ್ಲ: ‘ಷ್ಟ್ರ’ ಎಂಬ ಒಂದು ಒತ್ತಕ್ಷರದಲ್ಲಿ ಮೂರು ವ್ಯಂಜನಗಳೂ ಅವುಗಳನ್ನು ಬೆಸೆಯುವ ಎರಡು ಹಲಂತ ಚಿಹ್ನೆಗಳೂ (್) ಸೇರಿ 5 ಸಂಕೇತಗಳಿದ್ದು, ಅದೊಂದೇ 15 ಬೈಟ್ ನುಂಗುತ್ತದೆ, ಅಂಥ 17 ಅಕ್ಷರಗಳಿಗೆ ಮಿತಿ ಮುಗಿದೇ ಹೋಗುತ್ತದೆ. ಇಂಗ್ಲಿಷ್‌ನಲ್ಲಿ ಹೆಸರಿಡುವವರಿಗೆ ಎರಡೂ ಎಣಿಕೆಗಳು ಒಂದೇ ಆಗಿರುವುದರಿಂದ ಈ ವ್ಯತ್ಯಾಸ ಬಹುಕಾಲ ಗಮನಕ್ಕೇ ಬರಲಿಲ್ಲ ಎಂಬುದು ಸಣ್ಣ ಸಂಗತಿಯಲ್ಲ.

ಮ್ಯಾಕ್‌ನಲ್ಲಿ 1998ರಲ್ಲಿ ಬಂದ ಎಚ್‌ಎಫ್‌ಎಸ್ ಪ್ಲಸ್ ಎಂಬ ಕಡತ ವ್ಯವಸ್ಥೆ ಕೂಡ 16 ಬಿಟ್‌ಗಳ ಘಟಕಗಳನ್ನೇ ಎಣಿಸುತ್ತಿತ್ತಾದರೂ, ಹೆಸರನ್ನು ಬಿಡಿಸಿ ಬರೆದಿಡುತ್ತಿತ್ತು. ‘ಕೋ’ ಎಂಬುದರಲ್ಲಿನ ಓಕಾರದ ಒಂದು ಚಿಹ್ನೆ ಅಲ್ಲಿ ಮೂರಾಗುತ್ತಿದ್ದುದರಿಂದ, ಅದೇ ಹೆಸರು ಮ್ಯಾಕ್‌ನಿಂದ ಲಿನಕ್ಸ್‌ಗೆ ಹಾಗೆಯೇ ಬಂದರೆ ಇನ್ನಷ್ಟು ಉದ್ದವಾಗಿರುತ್ತಿತ್ತು. ಕಡತದ ಹೆಸರನ್ನೂ ಗೂಢಲಿಪೀಕರಿಸುವ, ಲಿನಕ್ಸ್‌ನ ಇಕ್ರಿಪ್ಟ್‌ಎಫ್‌ಎಸ್ ಎಂಬ ವ್ಯವಸ್ಥೆಯಲ್ಲಿ ಮಿತಿ ಸುಮಾರು 143 ಬೈಟ್, ಅಂದರೆ ಕನ್ನಡದ 47 ಸಂಕೇತ.

ಲಿನಕ್ಸ್‌ನಿಂದ ವಿಂಡೋಸ್‌ಗೆ, ಎದುರು ದಿಕ್ಕಿನ ಪಯಣದಲ್ಲಿ ಅಡ್ಡಬರುವುದು ಬೇರೆಯೇ ಮಿತಿ. ವಿಂಡೋಸ್‌ನ ಹಳೆಯ ಪ್ರೋಗ್ರಾಂಗಳು ಡ್ರೈವ್‌ನಿಂದ ಕಡತದವರೆಗಿನ ಇಡೀ ಹಾದಿಯನ್ನು 260ರೊಳಗೆ ನಿರೀಕ್ಷಿಸುವುದರಿಂದ, ಲಿನಕ್ಸ್‌ನಲ್ಲಿ ಫೋಲ್ಡರಿನೊಳಗೆ ಫೋಲ್ಡರಾಗಿ ಬೆಳೆದ ಸಂಗ್ರಹ ಅಲ್ಲಿ ಅರ್ಧಕ್ಕೇ ನಿಲ್ಲಬಹುದು. 2016ರ ವಿಂಡೋಸ್ 10 ಆವೃತ್ತಿಯೊಂದು ಈ ನಿರ್ಬಂಧವನ್ನು ಸಡಿಲಿಸಿತು. ಆದರೆ ಬಳಕೆದಾರರು ಸೆಟ್ಟಿಂಗ್ ಬದಲಿಸಿದರಷ್ಟೇ ಸಾಲದು, ಆಯಾ ಪ್ರೋಗ್ರಾಂ ಕೂಡ ಉದ್ದ ಹಾದಿಗೆ ಸಿದ್ಧವೆಂದು ಘೋಷಿಸಿಕೊಂಡಿರಬೇಕು.